ಕೂದಲು ಕಸಿ: ಹಿಂದಲೆಯ ಕಲೆ ಕಾಣದಿರಲು ಏನು ಮಾಡಬೇಕು?

ಬೊಕ್ಕತಲೆಗೆ ಕೂದಲು ನಾಟಿಸಿಕೊಂಡವರು ಕನ್ನಡಿಯಲ್ಲಿ ನೋಡಿಕೊಳ್ಳುವುದು ತಮ್ಮ ಮುಂದಲೆಯನ್ನು. ಬಸ್ಸಿನಲ್ಲಿ ಹಿಂದಿನ ಸೀಟಿನಲ್ಲಿ ಕುಳಿತವರಿಗೆ, ಕ್ಷೌರದಂಗಡಿಯವರಿಗೆ, ಮನೆಮಂದಿಗೆ ಕಾಣುವುದು ಹಿಂದಲೆ. ಕಸಿಯ ಕಲೆ ಇರುವುದು ಅಲ್ಲಿಯೇ. ನಾನು ಕೂದಲು ಕಸಿ ಮಾಡುವ ವೈದ್ಯನಲ್ಲ. ಜ್ವರ, ಕೆಮ್ಮು, ರಕ್ತದೊತ್ತಡ ನೋಡುವ ಸಾಮಾನ್ಯ ವೈದ್ಯ. ಆದರೂ ಔಷಧಿ ಚೀಟಿ ಕೈಗೆ ತೆಗೆದುಕೊಂಡು ಬಾಗಿಲವರೆಗೆ ಹೋಗಿ, ತಿರುಗಿ ಬಂದು, "ಡಾಕ್ಟ್ರೇ, ಇದೊಂದು ನೋಡ್ತೀರಾ?" ಎಂದು ಟೋಪಿ ತೆಗೆಯುವ ಯುವಕರು ಈಚಿನ ವರ್ಷಗಳಲ್ಲಿ ಹೆಚ್ಚಾಗಿದ್ದಾರೆ. ಅವರೆಲ್ಲರ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಕಲೆಯೇ ಉಳಿಯುವುದಿಲ್ಲ ಅಂದಿದ್ದರಲ್ಲ?"

ಕಲೆ ಉಳಿಯದ ಕೂದಲು ಕಸಿ ಎಂಬುದು ಇಲ್ಲ. ಕಣ್ಣಿಗೆ ಬೀಳದ ಕಲೆ ಇದೆ, ಕಣ್ಣಿಗೆ ಬೀಳುವ ಕಲೆ ಇದೆ. ನಿಮ್ಮದು ಇವೆರಡರಲ್ಲಿ ಯಾವುದಾಗುತ್ತದೆ ಎಂಬುದು ಬಹುಪಾಲು ನಿರ್ಧಾರವಾಗುವುದು ಶಸ್ತ್ರಚಿಕಿತ್ಸೆಗೆ ಮುಂಚಿನ ದಿನಗಳಲ್ಲಿ, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮತ್ತು ನಂತರದ ಮೂರು ತಿಂಗಳಲ್ಲಿ. ಆಮೇಲೆ ಹಚ್ಚುವ ಮುಲಾಮಿನ ಪಾಲು ಇದರಲ್ಲಿ ತೀರಾ ಚಿಕ್ಕದು. ಜಾಹೀರಾತುಗಳು ಇದನ್ನು ತಿರುವುಮುರುವು ಮಾಡಿ ಹೇಳುತ್ತವೆ.

ಕಲೆ ಏಕೆ ಉಳಿಯುತ್ತದೆ?

ಚರ್ಮದ ಮೇಲ್ಪದರವಷ್ಟೇ ತರಚಿದರೆ ಅದು ಗುರುತಿಲ್ಲದೆ ಮಾಯುತ್ತದೆ. ಗಾಯ ಒಳಪದರಕ್ಕೆ ಇಳಿದರೆ ಹಾಗಲ್ಲ. ದೇಹ ಅದನ್ನು ಕೊಲಾಜೆನ್ ಎಂಬ ನಾರಿನಿಂದ ತೇಪೆ ಹಾಕಿ ಮುಚ್ಚುತ್ತದೆ. ಈ ತೇಪೆಯಲ್ಲಿ ಕೂದಲಿನ ಬುಡಗಳಿರುವುದಿಲ್ಲ, ಬೆವರಿನ ಗ್ರಂಥಿಗಳಿರುವುದಿಲ್ಲ, ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳೂ ಕಡಿಮೆ. ತಲೆಗೂದಲಿನ ಬುಡ ಚರ್ಮದ ಮೇಲ್ಮೈಯಿಂದ ಸುಮಾರು ನಾಲ್ಕೈದು ಮಿಲಿಮೀಟರ್ ಕೆಳಗಿದೆ. ಅದನ್ನು ಬೇರುಸಹಿತ ತೆಗೆದು ಬೇರೆ ಕಡೆ ನೆಡಬೇಕಾದರೆ ಅಷ್ಟು ಆಳಕ್ಕೆ ಇಳಿಯಲೇಬೇಕು. ಬೆಂಗಳೂರಿನಲ್ಲಿ ಮಾಡಿಸಿದರೂ ಅಷ್ಟೇ, ಇಸ್ತಾಂಬುಲ್‌ಗೆ ವಿಮಾನ ಹತ್ತಿ ಹೋಗಿ ಮಾಡಿಸಿದರೂ ಅಷ್ಟೇ. ಉಪಕರಣಕ್ಕೆ ಯಾವ ಹೆಸರಿಟ್ಟರೂ ಗಾಯದ ಆಳ ಬದಲಾಗದು.

ನಮ್ಮವರಿಗೆ ಇನ್ನೊಂದು ತೊಡಕಿದೆ. ಕಂದು ಚರ್ಮದ ಮೇಲೆ ಕಪ್ಪು ಕೂದಲಿನ ನಡುವೆ ಉಳಿಯುವ ಕಲೆ ಬಿಳಿಚಿಕೊಂಡಿರುತ್ತದೆ. ತೆಳುಬಣ್ಣದ ಚರ್ಮದವರಲ್ಲಿ ಗಮನಕ್ಕೇ ಬಾರದ ಬಿಳಿ ಚುಕ್ಕೆ ನಮ್ಮಲ್ಲಿ ಎದ್ದು ಕಾಣಬಹುದು.

ವಿಚಿತ್ರವೆಂದರೆ, ಕಲೆ ಬಿಡುವ ಈ ಚಿಕಿತ್ಸೆ ಹುಟ್ಟಿದ್ದೇ ಕಲೆ ಮುಚ್ಚಲು. ಜಪಾನಿನ ಚರ್ಮವೈದ್ಯ ಷೋಜಿ ಒಕುಡಾ ಸುಟ್ಟಗಾಯದಿಂದ ಕೂದಲು ಕಳೆದುಕೊಂಡ ತಲೆ, ಹುಬ್ಬುಗಳಿಗೆ ಕೂದಲಿರುವ ಚರ್ಮದ ಸಣ್ಣ ಸಣ್ಣ ತುಂಡುಗಳನ್ನು ನಾಟಿ ಮಾಡಿ, ಅದನ್ನು 1939ರಲ್ಲಿ ಪ್ರಕಟಿಸಿದರು. ಬರಹ ಜಪಾನಿ ಭಾಷೆಯಲ್ಲಿತ್ತು, ಕಾಲ ಯುದ್ಧದ್ದು. ಹೊರಗಿನವರಿಗೆ ಅದು ತಿಳಿಯಲಿಲ್ಲ. ಗಂಡಸರ ಬೊಕ್ಕತಲೆಗೆ ಈ ಕಸಿಯನ್ನು ನ್ಯೂಯಾರ್ಕಿನ ನಾರ್ಮನ್ ಒರೆಂಟ್ರೈಕ್ 1952ರಲ್ಲಿ ಮಾಡಿ 1959ರಲ್ಲಿ ಬರೆದರು. ಹಿಂದಲೆಯ ಕೂದಲನ್ನು ಮುಂದಲೆಗೆ ನೆಟ್ಟರೂ ಅದು ತನ್ನ ಹುಟ್ಟುಗುಣವನ್ನು ಬಿಡದೆ, ಅಲ್ಲಿಯೂ ಉದುರದೆ ಉಳಿಯುತ್ತದೆ ಎಂಬುದು ಅವರು ತೋರಿಸಿಕೊಟ್ಟ ಸಂಗತಿ. ಇಂದಿನ ಕಸಿಯೆಲ್ಲ ನಿಂತಿರುವುದು ಇದರ ಮೇಲೆ. ಆದರೆ ಆಗ ತೆಗೆಯುತ್ತಿದ್ದುದು ನಾಲ್ಕು ಮಿಲಿಮೀಟರ್ ಅಗಲದ ದುಂಡು ತುಂಡುಗಳು. ಮುಂದಲೆಯಲ್ಲಿ ಭತ್ತದ ಪೈರು ನೆಟ್ಟ ಹಾಗೆ ಕಂತೆ ಕಂತೆಯಾಗಿ ಕೂದಲು. ಹಿಂದಲೆಯಲ್ಲಿ ಸಾಲು ಸಾಲು ದುಂಡು ಕಲೆಗಳು. ಆಗ ಮಾಡಿಸಿಕೊಂಡ ಹಿರಿಯರಲ್ಲಿ ಈ ಗುರುತುಗಳು ಇಂದಿಗೂ ಕಾಣಸಿಗುತ್ತವೆ.

ಗೆರೆಯೋ, ಚುಕ್ಕೆಯೋ?

ಈಗ ಎರಡು ವಿಧಾನಗಳು ಬಳಕೆಯಲ್ಲಿವೆ. ಮೊದಲನೆಯದು ಪಟ್ಟಿ ತೆಗೆಯುವ ವಿಧಾನ. ಎಫ್‌ಯುಟಿ ಅಥವಾ ಸ್ಟ್ರಿಪ್ ಎನ್ನುತ್ತಾರೆ. ಹಿಂದಲೆಯಲ್ಲಿ ಒಂದರಿಂದ ಒಂದೂವರೆ ಸೆಂಟಿಮೀಟರ್ ಅಗಲದ ಉದ್ದನೆಯ ಚರ್ಮದ ಪಟ್ಟಿಯನ್ನು ಕತ್ತರಿಸಿ ತೆಗೆದು, ಅಂಚುಗಳನ್ನು ಕೂಡಿಸಿ ಹೊಲಿಯುತ್ತಾರೆ. ಪಟ್ಟಿಯನ್ನು ಸೂಕ್ಷ್ಮದರ್ಶಕದಡಿ ಬಿಡಿಸಿ, ಒಂದರಿಂದ ನಾಲ್ಕು ಕೂದಲಿರುವ ಸಹಜ ಗೊಂಚಲುಗಳನ್ನು ಬೇರ್ಪಡಿಸುತ್ತಾರೆ. ಇವಕ್ಕೆ ಗ್ರಾಫ್ಟ್ ಎಂದು ಹೆಸರು. ಹಿಂದಲೆಯಲ್ಲಿ ಉಳಿಯುವುದು ಕಿವಿಯಿಂದ ಕಿವಿಯ ಕಡೆಗೆ ಹೋಗುವ ಒಂದು ಗೆರೆ.

ಎರಡನೆಯದು 2002ರಲ್ಲಿ ಅಮೆರಿಕದ ವೈದ್ಯರು ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಿದ ಮೇಲೆ ಹರಡಿದ ಎಫ್‌ಯುಇ. ಇದರಲ್ಲಿ ಪಟ್ಟಿಯಿಲ್ಲ, ಉದ್ದ ಹೊಲಿಗೆಯಿಲ್ಲ. ಸುಮಾರು 0.8ರಿಂದ 1 ಮಿಲಿಮೀಟರ್ ಅಗಲದ ಕೊಳವೆಯಂಥ ಉಪಕರಣದಿಂದ ಒಂದೊಂದೇ ಗೊಂಚಲಿನ ಸುತ್ತ ಕೊರೆದು ಹೊರತೆಗೆಯುತ್ತಾರೆ. ಉಳಿಯುವುದು ಚುಕ್ಕೆಗಳು. "ಕಲೆರಹಿತ" ಎಂಬ ಮಾತು ಸುತ್ತಾಡುವುದು ಹೆಚ್ಚಾಗಿ ಇದರ ಸುತ್ತ.

ಇಲ್ಲೊಂದು ಸಣ್ಣ ಲೆಕ್ಕ ಹಾಕೋಣ. ಮನೆಯಲ್ಲಿ ಹೈಸ್ಕೂಲು ಓದುವ ಮಕ್ಕಳಿದ್ದರೆ ಅವರ ಕೈಯಲ್ಲೇ ಮಾಡಿಸಿ. ಒಂದು ಮಿಲಿಮೀಟರ್ ವ್ಯಾಸದ ವೃತ್ತದ ವಿಸ್ತೀರ್ಣ 0.785 ಚದರ ಮಿಲಿಮೀಟರ್. 2000 ಗ್ರಾಫ್ಟ್ ತೆಗೆದರೆ 1570 ಚದರ ಮಿಲಿಮೀಟರ್, ಅಂದರೆ ಹದಿನೈದು ಚದರ ಸೆಂಟಿಮೀಟರ್‌ಗಿಂತ ಹೆಚ್ಚು. ಹತ್ತಿರ ಹತ್ತಿರ ಒಂದು ಬೆಂಕಿಪೊಟ್ಟಣದ ಮುಖದಷ್ಟು! ಪಟ್ಟಿ ವಿಧಾನದಲ್ಲಿ 20 ಸೆಂಟಿಮೀಟರ್ ಉದ್ದದ, ಎರಡು ಮಿಲಿಮೀಟರ್ ಅಗಲದ ಗೆರೆ ಉಳಿದರೆ ಅದರ ವಿಸ್ತೀರ್ಣ 4 ಚದರ ಸೆಂಟಿಮೀಟರ್ ಮಾತ್ರ. ಕೊಳವೆಯ ಅಗಲವನ್ನು 0.8 ಮಿಲಿಮೀಟರ್‌ಗೆ ಇಳಿಸಿದರೆ ಹದಿನೈದಿದ್ದದ್ದು ಹತ್ತಕ್ಕೆ ಇಳಿಯುತ್ತದೆ. ಗಾಯ ಮಾಯುವಾಗ ಕುಗ್ಗುವುದರಿಂದ ಕೊನೆಗೆ ಉಳಿಯುವುದು ಇದಕ್ಕಿಂತ ಕಡಿಮೆಯೇ. ಆದರೂ ಒಟ್ಟು ಕಲೆಯ ಲೆಕ್ಕದಲ್ಲಿ ಎಫ್‌ಯುಇ ಹಿಂದೆ ಬಿದ್ದಿಲ್ಲ ಎಂಬುದು ಸ್ಪಷ್ಟ. ಅದು ಕಾಣದಿರುವುದು ಹಿಂದಲೆಯ ತುಂಬ ಚದುರಿರುವುದರಿಂದ, ಒಂದೊಂದು ಚುಕ್ಕೆಯ ಸುತ್ತಲೂ ಕೂದಲು ಉಳಿದಿರುವುದರಿಂದ.

ಹಾಗಾದರೆ ಚುಕ್ಕೆಗಳು ಕಣ್ಣಿಗೆ ಬೀಳುವುದು ಯಾವಾಗ? ಒಂದೇ ಜಾಗದಿಂದ ಒತ್ತೊತ್ತಾಗಿ ಕಿತ್ತಾಗ. ಒಂದು ಜಾಗದ ಕೂದಲಿನ ಅರ್ಧದಷ್ಟು ಹೋದರೆ ಬರಿಗಣ್ಣಿಗೇ ತೆಳುವಾದದ್ದು ಗೊತ್ತಾಗುತ್ತದೆ. ಒಳ್ಳೆಯ ಶಸ್ತ್ರವೈದ್ಯರು ಅಲ್ಲಿಯವರೆಗೆ ಹೋಗುವುದಿಲ್ಲ. "ಒಂದೇ ದಿನದಲ್ಲಿ ಎಷ್ಟು ಬೇಕಾದರೂ ಗ್ರಾಫ್ಟ್" ಎಂಬ ಪ್ಯಾಕೇಜುಗಳಲ್ಲಿ ಹೋಗುತ್ತಾರೆ. ಫಲವಾಗಿ ಹಿಂದಲೆ ನುಸಿ ತಿಂದ ಉಣ್ಣೆ ಸ್ವೆಟರಿನಂತಾಗುತ್ತದೆ. ಗೆರೆಯ ಕಲೆಗಾದರೆ ದುರಸ್ತಿಯ ದಾರಿಗಳಿವೆ. ಬರಿದಾದ ಹಿಂದಲೆಗೆ ದುರಸ್ತಿ ಬಹಳ ಕಷ್ಟ, ಏಕೆಂದರೆ ತಂದು ನೆಡಲು ಬೇರೆ ಕೂದಲು ಉಳಿದಿರುವುದಿಲ್ಲ. ಹೆಚ್ಚು ಗ್ರಾಫ್ಟ್ ಕೊಡುವವರೇ ಉತ್ತಮ ಎಂದು ಅಕ್ಕಿ ಕೊಳ್ಳುವ ಹಾಗೆ ಲೆಕ್ಕ ಹಾಕುವುದನ್ನು ಮೊದಲು ಬಿಡಬೇಕು.

ಎರಡರಲ್ಲಿ ಯಾವುದು ಮೇಲು? ಕೂದಲನ್ನು ಎರಡು ಸೆಂಟಿಮೀಟರ್‌ಗಿಂತ ಉದ್ದ ಬಿಡುವವರಿಗೆ, ಚೆನ್ನಾಗಿ ಹೊಲಿದ ಗೆರೆ ಎಂದೂ ಹೊರಗೆ ಕಾಣುವುದಿಲ್ಲ. ತೀರ ಸಣ್ಣಗೆ ಕತ್ತರಿಸುವವರಿಗೆ ಗೆರೆ ಬಯಲಾಗುತ್ತದೆ. ಅಂಥವರಿಗೆ ಚದುರಿದ ಚುಕ್ಕೆ ವಾಸಿ. ಆದರೆ ಅದೂ ಕೂಡ ಬ್ಲೇಡಿನಿಂದ ನುಣ್ಣಗೆ ಬೋಳಿಸಿದರೆ ಕಾಣುತ್ತದೆ.

ಮೊದಲೇ ಯೋಚಿಸಬೇಕಾದದ್ದು

ಈ ಕೊನೆಯ ಮಾತು ನಮ್ಮ ಮನೆಗಳಲ್ಲಿ ಸಣ್ಣದಲ್ಲ. ತಿರುಪತಿಗೋ ಮಲೆ ಮಹದೇಶ್ವರ ಬೆಟ್ಟಕ್ಕೋ ಮುಡಿ ಹರಕೆ ಇರುವ ಮನೆಗಳಿವೆ. ತಂದೆ ತಾಯಿ ತೀರಿಕೊಂಡಾಗ ಮಗ ತಲೆ ಬೋಳಿಸಬೇಕಾದ ಮನೆಗಳಿವೆ. ಕಸಿ ಮಾಡಿಸಿದ್ದನ್ನು ನೆಂಟರಿಗೆ, ಕೆಲವೊಮ್ಮೆ ಹೆಂಡತಿಗೂ ಹೇಳದೆ ಮುಚ್ಚಿಟ್ಟವರ ಗುಟ್ಟು ಬಂಧುಬಳಗವೆಲ್ಲ ಸೇರಿದ ದಿನವೇ ಹೊರಬೀಳುತ್ತದೆ. ನೆಟ್ಟ ಕೂದಲಿಗೆ ಇದರಿಂದ ಅಪಾಯವೇನೂ ಇಲ್ಲ. ಒಂದು ವರ್ಷ ಕಳೆದು ಬೇರೂರಿದ ಕೂದಲನ್ನು ಬೋಳಿಸಿದರೆ ಅದು ಮತ್ತೆ ಬೆಳೆಯುತ್ತದೆ. ಬ್ಲೇಡು ಬೇರನ್ನು ಮುಟ್ಟುವುದಿಲ್ಲ. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಗೆರೆ ಮುಚ್ಚಲು ಎರಡು ತಿಂಗಳಾದರೂ ಬೇಕು. ಪೊಲೀಸ್ ಇಲಾಖೆ, ಸೈನ್ಯದಲ್ಲಿರುವವರು, ಸೇರಲು ತಯಾರಿ ನಡೆಸುತ್ತಿರುವವರು ಹಿಂದಲೆಯನ್ನು ವರ್ಷವಿಡೀ ಸಣ್ಣಗೆ ಕತ್ತರಿಸಿರಬೇಕಾಗುತ್ತದೆ. ಈ ಸಂಗತಿಗಳನ್ನು ಶಸ್ತ್ರವೈದ್ಯರಿಗೆ ಮೊದಲೇ ಹೇಳಿ. ಅವರಾಗಿ ಕೇಳುವುದು ಅಪರೂಪ.

ಎರಡನೆಯದು ವಯಸ್ಸು. ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗರಿಗೆ ಮದುವೆಗೆ ಮುಂಚೆ ಮಾಡಿಸಿಬಿಡುವ ಅವಸರ. ಆ ವಯಸ್ಸಿನಲ್ಲಿ ಕೂದಲು ಉದುರುವುದು ಇನ್ನೂ ಶುರುವಾಗಿರುತ್ತದಷ್ಟೇ. ಎಲ್ಲಿಗೆ ನಿಲ್ಲುತ್ತದೆಂದು ಯಾರಿಗೂ ಹೇಳಲಾಗದು. ನಲವತ್ತರ ಹೊತ್ತಿಗೆ ಬೋಳು ಹಿಂದಕ್ಕೂ ಕೆಳಕ್ಕೂ ಇಳಿದರೆ, ಇಪ್ಪತ್ತರಲ್ಲಿ ದಟ್ಟ ಕೂದಲಿನಡಿ ಹುದುಗಿದ್ದ ಕಲೆ ಅಂಚಿಗೆ ಬಂದು ನಿಲ್ಲುತ್ತದೆ. ಅಪ್ಪನ, ತಾತನ, ಸೋದರಮಾವನ ತಲೆಗಳನ್ನು ಒಮ್ಮೆ ಗಮನಿಸಿ. ಉದುರುವುದನ್ನು ತಡೆಯುವ ಮಿನಾಕ್ಸಿಡಿಲ್, ಫಿನಾಸ್ಟರೈಡ್‌ನಂಥ ಔಷಧಗಳನ್ನು ಚರ್ಮವೈದ್ಯರ ಸಲಹೆಯಂತೆ ಒಂದಷ್ಟು ಕಾಲ ಬಳಸಿ ನೋಡಿ, ಆಮೇಲೆ ಕಸಿಯ ಯೋಚನೆ ಮಾಡಿದರೆ ನಷ್ಟವಿಲ್ಲ. ಹೆಣ್ಣುಮಕ್ಕಳಲ್ಲಿ ತಲೆತುಂಬ ಕೂದಲು ತೆಳುವಾಗಿದ್ದರೆ ರಕ್ತಹೀನತೆ, ಥೈರಾಯ್ಡ್ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಳ್ಳುವವರೆಗೆ ಕಸಿಯ ಮಾತೇ ಬೇಡ.

ಮೂರನೆಯದು ನಿಮ್ಮ ಚರ್ಮದ ಸ್ವಭಾವ. ಕೆಲವರ ಗಾಯ ಮಾಯುವಾಗ ನಾರು ಮಿತಿ ಮೀರಿ ಬೆಳೆದು ಗಂಟಾಗುತ್ತದೆ. ಗಾಯದ ಎಲ್ಲೆಯೊಳಗೇ ಉಬ್ಬಿ ನಿಂತರೆ ಅದು ಉಬ್ಬುಕಲೆ. ಎಲ್ಲೆ ದಾಟಿ ಸುತ್ತಲಿನ ಚರ್ಮಕ್ಕೂ ಹರಡಿದರೆ ಕೀಲಾಯ್ಡ್. ಕೀಲಾಯ್ಡ್ ಕಪ್ಪು, ಕಂದು ಚರ್ಮದವರಲ್ಲಿ ಹೆಚ್ಚು. ತಲೆಯ ಚರ್ಮದಲ್ಲಿ ಅದು ಅಪರೂಪವಾದರೂ ಬರುವುದೇ ಇಲ್ಲ ಎನ್ನುವಂತಿಲ್ಲ. ಇದಕ್ಕೆ ದುಬಾರಿ ಪರೀಕ್ಷೆ ಬೇಕಿಲ್ಲ. ಕಿವಿ ಚುಚ್ಚಿಸಿದ ಜಾಗದಲ್ಲಿ ಗಂಟು ಬೆಳೆದಿತ್ತೇ? ತೋಳಿನ ಮೇಲಿನ ಬಿಸಿಜಿ ಲಸಿಕೆಯ ಗುರುತು ತಗ್ಗಾಗಿದೆಯೋ, ಉಬ್ಬಿ ಗಟ್ಟಿಯಾಗಿದೆಯೋ? ಎದೆಯ ಮೇಲೆ ಮೊಡವೆ ಆದ ಕಡೆ ಗಂಟುಗಳುಳಿದಿವೆಯೇ? ಒಡಹುಟ್ಟಿದವರಲ್ಲಿ ಯಾರಿಗಾದರೂ ಹೀಗಾಗಿದೆಯೇ? ಹೌದಾದರೆ ಶಸ್ತ್ರವೈದ್ಯರಿಗೆ ತೋರಿಸಿ. ಕಸಿ ಬೇಡವೆನ್ನಬಹುದು, ಮಾಡುವುದಾದರೂ ಮೊದಲು ಹಿಂದಲೆಯ ಒಂದು ಸಣ್ಣ ಜಾಗದಲ್ಲಿ ಕೆಲವೇ ಗ್ರಾಫ್ಟ್ ತೆಗೆದು ತಿಂಗಳುಗಟ್ಟಲೆ ಕಾದು ನೋಡಬಹುದು.

ಕತ್ತಿನ ಹಿಂಭಾಗದಲ್ಲಿ, ಕೂದಲಿನ ಗಡಿ ಮುಗಿಯುವ ಕಡೆ ಪದೇ ಪದೇ ಗಟ್ಟಿ ಗುಳ್ಳೆಗಳೆದ್ದು ಕಲೆಗಟ್ಟುವ ತೊಂದರೆ ಕೆಲವು ಗಂಡಸರಿಗೆ ಇರುತ್ತದೆ. ಕ್ಷೌರದ ಸೋಂಕೆಂದು ಅದನ್ನು ಉಪೇಕ್ಷಿಸುತ್ತಾರೆ. ಇಂಥವರು ಮೊದಲು ಅದಕ್ಕೆ ಚಿಕಿತ್ಸೆ ಪಡೆಯಬೇಕು. ಆ ಜಾಗದ ಹತ್ತಿರದಿಂದ ಗ್ರಾಫ್ಟ್ ತೆಗೆಸಬಾರದು.

ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರ ಗಾಯ ನಿಧಾನವಾಗಿ ಮಾಯುತ್ತದೆ, ಸೋಂಕಿಗೂ ಬೇಗ ತುತ್ತಾಗುತ್ತದೆ. ಸೋಂಕಾದ ಗಾಯದ ಕಲೆ ಯಾವತ್ತೂ ಅಗಲ. ಬೀಡಿ, ಸಿಗರೇಟು, ಗುಟ್ಕಾದಲ್ಲಿರುವ ನಿಕೋಟಿನ್ ಚರ್ಮದ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಇದರಿಂದ ಹೊಲಿದ ಅಂಚು ಕೊಳೆಯುವುದೂ ಉಂಟು, ನೆಟ್ಟ ಜಾಗದ ಚರ್ಮವೇ ಸತ್ತು ದೊಡ್ಡ ಕಲೆಯಾಗುವುದೂ ಉಂಟು. ಕನಿಷ್ಠ ಎರಡು ವಾರ ಮುಂಚೆ, ನಾಲ್ಕು ವಾರ ನಂತರ ಇವನ್ನು ಮುಟ್ಟಬಾರದು. ಹೃದಯಕ್ಕೆಂದು ಆಸ್ಪಿರಿನ್ ಅಥವಾ ರಕ್ತ ತೆಳುವಾಗಿಸುವ ಬೇರೆ ಮಾತ್ರೆ ತೆಗೆದುಕೊಳ್ಳುವವರು ಅದನ್ನು ತಾವಾಗಿಯೇ ನಿಲ್ಲಿಸಬೇಡಿ. ಬರೆದುಕೊಟ್ಟ ವೈದ್ಯರನ್ನು ಕೇಳಿ.

ಯಾರ ಕೈಯಲ್ಲಿ?

ಕಲೆಯ ಭವಿಷ್ಯ ಉಳಿದೆಲ್ಲಕ್ಕಿಂತ ಹೆಚ್ಚಾಗಿ ಕೈಯನ್ನು ಅವಲಂಬಿಸಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರ ಸೆಪ್ಟೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿ, ಕೂದಲು ಕಸಿಯನ್ನು ಕ್ರಮಬದ್ಧ ಶಸ್ತ್ರಚಿಕಿತ್ಸಾ ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕು ಎಂದಿತು. ಈ ತರಬೇತಿ ಪಠ್ಯದಲ್ಲೇ ಇರುವ ವಿಭಾಗಗಳೆಂದು ಪ್ಲಾಸ್ಟಿಕ್ ಸರ್ಜರಿ ಮತ್ತು ಚರ್ಮರೋಗ ಶಾಸ್ತ್ರವನ್ನು ಹೆಸರಿಸಿತು. ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿತದ್ದು ಸಾಲದು ಎಂದೂ ಅದರಲ್ಲಿ ಹೇಳಿದೆ. ನನ್ನಂತೆ ಬರೀ ಎಂಬಿಬಿಎಸ್ ಓದಿದವರು ಈ ಕೆಲಸಕ್ಕೆ ಕೈಹಾಕಬಾರದೆಂದೇ ಇದರರ್ಥ. ಬ್ಯೂಟಿ ಪಾರ್ಲರುಗಳ ಮಾತು ದೂರವೇ ಉಳಿಯಿತು.

ವೈದ್ಯರ ಪದವಿ, ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಕ್ಲಿನಿಕ್ಕಿಗೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ನೋಂದಣಿ ಇದೆಯೇ ನೋಡಿ. ಕೂದಲು ಕೀಳುವವರು ವೈದ್ಯರೋ, ಸಹಾಯಕರೋ ಎಂಬುದನ್ನು ಸಂಕೋಚವಿಲ್ಲದೆ ಕೇಳಿ. ಅವರು ತೋರಿಸುವ ಫೋಟೋ ಆಲ್ಬಮ್ಮಿನಲ್ಲಿ ಮುಂದಲೆಯ ಚಿತ್ರಗಳೇ ಇರುತ್ತವೆ. "ಒಂದು ವರ್ಷದ ನಂತರದ ಹಿಂದಲೆಯ ಚಿತ್ರ, ಸಣ್ಣಗೆ ಕತ್ತರಿಸಿದ ಕೂದಲಿನದ್ದು ತೋರಿಸಿ" ಎಂದು ಕೇಳಿ ನೋಡಿ. ಈ ಒಂದು ಪ್ರಶ್ನೆಗೆ ಸಿಗುವ ಉತ್ತರದಿಂದ ಬಹಳಷ್ಟು ತಿಳಿಯುತ್ತದೆ.

ಪಟ್ಟಿ ವಿಧಾನವಾದರೆ ಇನ್ನೊಂದು ಪ್ರಶ್ನೆ ಇದೆ. ಹೊಲಿಯುವ ಮುನ್ನ ಗಾಯದ ಒಂದು ಅಂಚಿನ ಮೇಲ್ಪದರವನ್ನು ಒಂದೆರಡು ಮಿಲಿಮೀಟರ್ ಸವರಿ ತೆಗೆದು, ಇನ್ನೊಂದು ಅಂಚನ್ನು ಅದರ ಮೇಲೆ ಕೂರಿಸುವ ಕ್ರಮವಿದೆ. ಟ್ರೈಕೋಫೈಟಿಕ್ ಹೊಲಿಗೆ ಎನ್ನುತ್ತಾರೆ. ಹೀಗೆ ಮಾಡಿದರೆ ಅಡಿಯಲ್ಲಿ ಸಿಕ್ಕ ಕೂದಲಿನ ಬುಡಗಳು ಕೆಲವು ತಿಂಗಳಲ್ಲಿ ಗೆರೆಯನ್ನು ತೂರಿಕೊಂಡು ಮೇಲೆ ಬರುತ್ತವೆ. ಗೆರೆ ಇದ್ದೂ ಇಲ್ಲದಂತಾಗುತ್ತದೆ. ಇದನ್ನು ಮಾಡುತ್ತಾರೆಯೇ ಎಂದು ಕೇಳುವುದು ತಪ್ಪಲ್ಲ. ಪಟ್ಟಿ ಅಗಲವಾದಷ್ಟೂ ಹೊಲಿಗೆಯ ಮೇಲೆ ಬೀಳುವ ಎಳೆತ ಹೆಚ್ಚು, ಎಳೆತ ಹೆಚ್ಚಾದಷ್ಟೂ ಕಲೆ ಅಗಲ ಎಂಬುದನ್ನೂ ನೆನಪಿಡಿ.

ಮೊದಲ ಹದಿನೈದು ದಿನ

ಗಾಯ ಒದ್ದೆ ಮಾಡುವುದು, ತಲೆ ತೊಳೆಯುವುದು ಯಾವಾಗಿನಿಂದ ಎಂಬುದನ್ನು ಶಸ್ತ್ರವೈದ್ಯರೇ ಹೇಳುತ್ತಾರೆ. ಸಾಮಾನ್ಯವಾಗಿ ಎರಡು ಮೂರು ದಿನಗಳ ನಂತರ, ಉಜ್ಜದೆ, ಮಗ್ಗಿನಿಂದ ಮೆಲ್ಲಗೆ ನೀರು ಹನಿಸಿ. ಹಕ್ಕಳೆಗಳನ್ನು ಉಗುರಿನಿಂದ ಕೀಳಬಾರದು. ಏಳರಿಂದ ಹತ್ತು ದಿನಗಳಲ್ಲಿ ಅವು ತಾವಾಗಿ ಉದುರುತ್ತವೆ. ತುರಿಕೆ ಸಹಜ, ರಾತ್ರಿ ನಿದ್ದೆಯಲ್ಲಿ ಕೈ ಹೋಗುತ್ತದೆಂದು ಉಗುರು ಕತ್ತರಿಸಿಕೊಳ್ಳುವುದು ಒಳ್ಳೆಯದು.

ಮನೆಯ ಹಿರಿಯರು ಅಕ್ಕರೆಯಿಂದ ಅರಿಶಿನ, ಕೊಬ್ಬರಿ ಎಣ್ಣೆ, ಹರಳೆಣ್ಣೆ ಹಿಡಿದು ಬರುತ್ತಾರೆ. ಹಸಿಗಾಯಕ್ಕೆ ಇವು ಯಾವುವೂ ಬೇಡ. ಅರಿಶಿನದ ಬಣ್ಣ ಗಾಯ ಕೆಂಪಾದದ್ದನ್ನೂ ಕೀವು ಕೂಡಿದ್ದನ್ನೂ ಮುಚ್ಚಿಡುತ್ತದೆ. ಎಣ್ಣೆಸ್ನಾನಕ್ಕೆ, ಹೇರ್ ಡೈಗೆ, ಹಿಂದಲೆಗೆ ಮಷಿನ್ ಹಾಕಿಸುವುದಕ್ಕೆ ತಿಂಗಳಾದರೂ ಕಾಯಿರಿ.

ಹೆಲ್ಮೆಟ್ಟಿನ ವಿಷಯ ಯಾರೂ ಹೇಳುವುದಿಲ್ಲ. ಬಿಗಿಯಾದ ಹೆಲ್ಮೆಟ್ ಮುಂದೆ ಹೊಸ ಗ್ರಾಫ್ಟುಗಳನ್ನು ಕಿತ್ತರೆ, ಹಿಂದೆ ಹೊಲಿಗೆಯನ್ನು ಉಜ್ಜುತ್ತದೆ. ಹಾಗೆಂದು ಹೆಲ್ಮೆಟ್ ಇಲ್ಲದೆ ಗಾಡಿ ಓಡಿಸಿ ಎಂದು ನಾನು ಹೇಳುತ್ತಿಲ್ಲ. ಎರಡು ವಾರ ಸ್ಕೂಟರನ್ನು ಮನೆಯಲ್ಲೇ ನಿಲ್ಲಿಸಿ ಬಸ್ಸಿನಲ್ಲೋ ಆಟೋದಲ್ಲೋ ಓಡಾಡಿ.

ನೋವು ದಿನದಿಂದ ದಿನಕ್ಕೆ ಕಡಿಮೆಯಾಗಬೇಕು. ಮೂರನೆಯ ದಿನದ ನಂತರ ಹೆಚ್ಚಾಗುತ್ತ ಹೋದರೆ, ಕೀವು, ದುರ್ವಾಸನೆ, ಜ್ವರ ಕಂಡರೆ, ಹೊಲಿಗೆಯ ಅಂಚು ಅಥವಾ ನೆಟ್ಟ ಜಾಗ ಕಪ್ಪಗಾದರೆ ಅಂದೇ ಶಸ್ತ್ರವೈದ್ಯರ ಬಳಿ ಹೋಗಿ. ನಾಳೆಗೆ ಉಳಿಸಿದ ಸೋಂಕು ಜನ್ಮವಿಡೀ ಉಳಿಯುವ ಬೋಳು ಕಲೆಯಾಗುತ್ತದೆ.

ಹೊಲಿಗೆ ಬಿಚ್ಚಿದ ಮೇಲೆ

ಹತ್ತು ಹದಿನಾಲ್ಕು ದಿನಕ್ಕೆ ಹೊಲಿಗೆ ಬಿಚ್ಚಿದರೆ ಗಾಯ ವಾಸಿಯಾಯಿತೆಂದೇ ಎಲ್ಲರೂ ತಿಳಿಯುತ್ತಾರೆ. ಮೇಲ್ಪದರ ಕೂಡಿದೆ, ನಿಜ. ಒಳಗಿನ ನಾರು ಮಾತ್ರ ಇನ್ನೂ ಎಳಸು. ಮೂರು ವಾರಕ್ಕೂ ಅದರ ಬಲ ಮೊದಲಿನ ಚರ್ಮದ ಕಾಲು ಭಾಗದ ಆಸುಪಾಸು. ಎಂಬತ್ತು ಭಾಗ ಬರಲು ಸುಮಾರು ಮೂರು ತಿಂಗಳು ಬೇಕು. ಪೂರ್ತಿ ನೂರು ಎಂದಿಗೂ ಬರುವುದಿಲ್ಲ. ಈ ಮೂರು ತಿಂಗಳಲ್ಲಿ ಹಿಂದಲೆಯನ್ನು ಎಳೆಯುವ ಪ್ರತಿಯೊಂದು ಕೆಲಸವೂ ಗೆರೆಯನ್ನು ಕೂದಲೆಳೆಯಷ್ಟು ಹಿಗ್ಗಿಸುತ್ತದೆ. ಸಣ್ಣ ಗೆರೆ ಅರ್ಧ ಸೆಂಟಿಮೀಟರಿನ ಪಟ್ಟೆಯಾಗುವುದು ಹೀಗೆ.

ಜಿಮ್ಮಿನಲ್ಲಿ ಭಾರ ಎತ್ತುವುದು, ಸಿಲಿಂಡರ್ ಹೊರುವುದು ಬೇಡ. ಯೋಗಾಸನ ಮಾಡುವವರು ಸರ್ವಾಂಗಾಸನ, ಹಲಾಸನ, ಶೀರ್ಷಾಸನಗಳನ್ನು ಈ ಅವಧಿಯಲ್ಲಿ ಕೈಬಿಡಬೇಕು. ಪ್ರಾಣಾಯಾಮ, ನಡಿಗೆ ಧಾರಾಳವಾಗಿ ಆಗಬಹುದು. ಗದ್ದವನ್ನು ಎದೆಗೆ ತಾಗಿಸುವಷ್ಟು ತಲೆ ಬಗ್ಗಿಸುವುದು ಒಳ್ಳೆಯದಲ್ಲ. ಮೊಬೈಲು ನೋಡುವವರೂ ಈ ಮಾತನ್ನು ಗಮನಿಸಬೇಕು. ಎಫ್‌ಯುಇ ಮಾಡಿಸಿಕೊಂಡವರಿಗೆ ಈ ನಿರ್ಬಂಧಗಳು ಇಷ್ಟು ಕಟ್ಟುನಿಟ್ಟಲ್ಲ. ಹೊಸ ಕಲೆಗೆ ಬಿಸಿಲು ಬಿದ್ದರೆ ಬಣ್ಣಗೆಡುತ್ತದೆ, ಆದ್ದರಿಂದ ವೈದ್ಯರು ಒಪ್ಪಿದ ಮೇಲೆ ಸಡಿಲವಾದ ಟೋಪಿ ಹಾಕಿಕೊಳ್ಳಿ.

ಈ ನಡುವೆ ಒಂದು ಗಾಬರಿ ಕಾದಿರುತ್ತದೆ. ಕೆಲವರಿಗೆ ಹಿಂದಲೆಯ ಗಾಯದ ಸುತ್ತಲಿನ ಕೂದಲು ಕೆಲವು ವಾರಗಳಲ್ಲಿ ಉದುರಿ, ಕಲೆ ಇದ್ದದ್ದಕ್ಕಿಂತ ದೊಡ್ಡದಾಗಿ ತೋರುತ್ತದೆ. ನೆಟ್ಟ ಕೂದಲೂ ಎರಡರಿಂದ ಆರು ವಾರಗಳೊಳಗೆ ಉದುರುತ್ತದೆ. ಬುಡಗಳು ಬದುಕಿಯೇ ಇರುತ್ತವೆ. ಮೂರು ನಾಲ್ಕು ತಿಂಗಳ ನಂತರ ಮತ್ತೆ ಚಿಗುರುತ್ತವೆ. ಕಲೆಯ ಕೆಂಪು ಇಳಿಯಲು ತಿಂಗಳುಗಳು, ಅದು ಮೆತ್ತಗಾಗಿ ತನ್ನ ಕೊನೆಯ ರೂಪಕ್ಕೆ ಬರಲು ಒಂದರಿಂದ ಒಂದೂವರೆ ವರ್ಷ ಬೇಕು. ಎರಡನೇ ತಿಂಗಳಿಗೇ ಕಲೆ ತೆಗೆಸಲು ಓಡುವುದು ಹಣಕ್ಕೂ ಚರ್ಮಕ್ಕೂ ನಷ್ಟ.

ಉಳಿದ ಕಲೆಗೆ ಏನು ಮಾಡಬಹುದು?

ಸಿಲಿಕೋನ್ ಜೆಲ್‌ನಿಂದ ಉಬ್ಬುಕಲೆಗಳು ಒಂದಿಷ್ಟು ತಗ್ಗುತ್ತವೆ. ಗಾಯ ಪೂರ್ತಿ ಮುಚ್ಚಿದ ಮೇಲೆ ದಿನಕ್ಕೆರಡು ಬಾರಿ ಎರಡು ಮೂರು ತಿಂಗಳು ಹಚ್ಚಬೇಕು. ಅದರ ಹಾಳೆಗಳು ಕೂದಲಿರುವ ಜಾಗದಲ್ಲಿ ಅಂಟುವುದಿಲ್ಲ. ವಿಟಮಿನ್ ಇ ಎಣ್ಣೆಗೆ ಇರುವ ಹೆಸರಿಗೂ ಅದರಿಂದ ಆಗುವ ಉಪಯೋಗಕ್ಕೂ ತಾಳೆಯಿಲ್ಲ. ಕೆಲವರಿಗೆ ಅದರಿಂದ ಚರ್ಮ ಕೆರೆದು ದದ್ದು ಬರುವುದೂ ಇದೆ. ಚಪ್ಪಟೆಯಾದ ಬಿಳಿ ಗೆರೆಗೆ ಯಾವ ಮುಲಾಮಿನಿಂದಲೂ ಕೂದಲು ಬರುವುದಿಲ್ಲ.

ಗೆರೆ ಅಗಲವಾಗಿದ್ದು, ತಲೆಯ ಚರ್ಮ ಸಡಿಲವಾಗಿದ್ದರೆ ಶಸ್ತ್ರವೈದ್ಯರು ಹಳೆಯ ಕಲೆಯನ್ನು ಕತ್ತರಿಸಿ ತೆಗೆದು ಟ್ರೈಕೋಫೈಟಿಕ್ ಕ್ರಮದಲ್ಲಿ ಮತ್ತೆ ಹೊಲಿಯಬಲ್ಲರು. ಮೊದಲ ಶಸ್ತ್ರಚಿಕಿತ್ಸೆಯಲ್ಲಿ ಎಳೆತದಿಂದ ಹಿಗ್ಗಿದ ಕಲೆಗೆ ಇದರಿಂದ ಲಾಭವಿದೆ. ಚರ್ಮದ ಗುಣವೇ ಹಿಗ್ಗುವಂಥದ್ದಾದರೆ ಎರಡನೆಯದೂ ಹಿಗ್ಗುತ್ತದೆ.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಒಕುಡಾ ತೋರಿದ ಹಳೆಯ ದಾರಿ. ಅಂದರೆ ಎಫ್‌ಯುಇ ವಿಧಾನದಿಂದ ಬೇರೆಡೆಯ ಒಂದಿಷ್ಟು ಕೂದಲು ತೆಗೆದು ಕಲೆಯೊಳಗೇ ನೆಡುವುದು. ತಲೆಯಲ್ಲಿ ಸಾಲದಾದರೆ ಗಡ್ಡದ ಕೂದಲನ್ನೂ ಬಳಸುತ್ತಾರೆ. ಕಲೆಯಲ್ಲಿ ರಕ್ತಸಂಚಾರ ಕಡಿಮೆಯಾದ್ದರಿಂದ ನೆಟ್ಟದ್ದೆಲ್ಲ ಬದುಕುವುದಿಲ್ಲ. ಒತ್ತಾಗಿ ನೆಡದೆ, ವಿರಳವಾಗಿ, ಒಂದೆರಡು ಕಂತಿನಲ್ಲಿ ಮಾಡಬೇಕು. ಅರ್ಧದಷ್ಟು ಬೆಳೆದರೂ ಗೆರೆ ಕಣ್ಣಿಗೆ ಬೀಳುವುದು ಗಣನೀಯವಾಗಿ ತಗ್ಗುತ್ತದೆ.

ಕೂದಲು ಮಿಗದವರಿಗೆ ಹಚ್ಚೆ ಉಳಿದಿದೆ. ಕಲೆಯ ಮೇಲೆ, ಕತ್ತರಿಸಿದ ಕೂದಲಿನ ತುದಿಯಂಥ ಸಣ್ಣ ಚುಕ್ಕೆಗಳನ್ನು ಹಾಕುವ ಈ ಕೆಲಸಕ್ಕೆ ಮೈಕ್ರೋಪಿಗ್ಮೆಂಟೇಶನ್ ಎನ್ನುತ್ತಾರೆ. ಬಿಳಿ ಚುಕ್ಕೆಗಳನ್ನು ಮರೆಸಲು ಇದು ಚೆನ್ನಾಗಿ ಒದಗುತ್ತದೆ. ಬಣ್ಣ ಕೆಲವು ವರ್ಷಗಳಲ್ಲಿ ಮಾಸುವುದರಿಂದ ಮತ್ತೆ ಹಾಕಿಸಬೇಕು. ಜಾತ್ರೆಯ ಹಚ್ಚೆಯವರ, ಸಾಮಾನ್ಯ ಟ್ಯಾಟೂ ಅಂಗಡಿಯ ಮಸಿ ಕ್ರಮೇಣ ನೀಲಿ ತಿರುಗುತ್ತದೆ. ಶುಚಿಯಿಲ್ಲದ ಸೂಜಿಯಿಂದ ಹೆಪಟೈಟಿಸ್ ಬಿ, ಸಿ, ಎಚ್‌ಐವಿ ಹರಡುವ ಅಪಾಯವೂ ಇದೆ. ಮದುವೆ, ಸಂದರ್ಶನದಂಥ ಒಂದು ದಿನದ ಮಟ್ಟಿಗಾದರೆ ಕೂದಲಿನ ಬಣ್ಣದ ನಾರುಪುಡಿ ಉದುರಿಸಿಕೊಂಡರೆ ಸಾಕು, ತೊಳೆದರೆ ಹೋಗುತ್ತದೆ. ಎಲ್ಲಕ್ಕಿಂತ ಅಗ್ಗದ್ದು, ಹಿಂದಲೆಯ ಕೂದಲನ್ನು ಒಂದೆರಡು ಸೆಂಟಿಮೀಟರ್ ಉದ್ದ ಬಿಡುವಂತೆ ಕ್ಷೌರಿಕರಿಗೆ ಹೇಳುವುದು.

ಉಬ್ಬಿದ, ತುರ್ಚುವ, ಬೆಳೆಯುತ್ತಲೇ ಇರುವ ಕಲೆಗೆ ಮಾತ್ರ ಒಂದು ವರ್ಷ ಕಾಯುತ್ತ ಕೂರಬಾರದು. ಅದಕ್ಕೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದನ್ನು ಗಂಟಿನೊಳಗೇ ನಾಲ್ಕರಿಂದ ಆರು ವಾರಗಳಿಗೊಮ್ಮೆ ಕೊಡುತ್ತಾರೆ. ಹಲವು ಕಂತುಗಳು ಬೇಕಾಗುತ್ತವೆ. ಸುತ್ತಲಿನ ಚರ್ಮ ತೆಳುವಾಗುವುದು, ಬಿಳಿಚುವುದು, ಸಕ್ಕರೆ ಕಾಯಿಲೆಯವರಲ್ಲಿ ಕೆಲವು ದಿನ ಸಕ್ಕರೆ ಏರುವುದು ಉಂಟು. ಆದ್ದರಿಂದ ಚರ್ಮವೈದ್ಯರ ಕೈಯಲ್ಲೇ ಆಗಬೇಕು. ಔಷಧ ದುಬಾರಿಯದಲ್ಲ. ಇದಕ್ಕಾಗಿ ಕಸಿ ಮಾಡಿದ ಕ್ಲಿನಿಕ್ಕಿಗೇ ಮತ್ತೆ ಸಾವಿರಾರು ರೂಪಾಯಿ ಸುರಿಯಬೇಕಿಲ್ಲ. ನಿಮಗೆ ಹತ್ತಿರವಿರುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಹೊರರೋಗಿ ಚೀಟಿ ಮಾಡಿಸಿ ತೋರಿಸಿ. ಹೋಗುವಾಗ ಕಸಿಯ ಕಾಗದಪತ್ರಗಳನ್ನೂ, ಕಲೆ ಶುರುವಿನಲ್ಲಿ ಹೇಗಿತ್ತೆಂದು ತೋರಿಸುವ ಒಂದು ಫೋಟೋವನ್ನೂ ಜೊತೆಗೆ ಒಯ್ಯಿರಿ.